ಸೀಸನ್ ಮುಗಿಯಿತಂತೆ

2025ರ ಜುಲೈ ತಿಂಗಳ ಒಂದು ಸಂಜೆ. ಬಿ.ಸಿ. ರೋಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಗಾಳಿಗೆ ಮಗಳ ಕೊಡೆ ಮಗುಚಿ ಎರಡು ಕಡ್ಡಿ ಮುರಿಯಿತು. ಮರುದಿನ ಅವಳಿಗೆ ಶಾಲೆ. (ಜಿಲ್ಲಾಧಿಕಾರಿ ರಜೆ ಸಾರುತ್ತಾರೋ ಇಲ್ಲವೋ ಎಂದು ರಾತ್ರಿಯವರೆಗೂ ಮೊಬೈಲ್ ನೋಡುತ್ತಾ ಕೂರುವುದು ನಮ್ಮ ಜಿಲ್ಲೆಯ ಮಕ್ಕಳ ಮಳೆಗಾಲದ ದಿನಚರಿಯಾಗಿಬಿಟ್ಟಿದೆ, ಅದು ಬೇರೆ ಮಾತು.) ಎದುರಿಗಿದ್ದ ದೊಡ್ಡ ಅಂಗಡಿಗೆ ನುಗ್ಗಿ ಮಕ್ಕಳ ಕೊಡೆ ಕೊಡಿ ಎಂದೆ.

"ಕೊಡೆಯ ಸೀಸನ್ ಮುಗಿಯಿತಲ್ಲ, ಏಪ್ರಿಲಿನಲ್ಲಿ ಬರಬೇಕಿತ್ತು" ಎಂದ ಅಂಗಡಿಯ ಹುಡುಗ.

ಅವನು ತಮಾಷೆ ಮಾಡುತ್ತಿರಲಿಲ್ಲ. ಹೊರಗೆ ತಗಡಿನ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಅದೇ ಮಾತನ್ನು ಅವನು ಎರಡು ಸಲ ಹೇಳಬೇಕಾಯಿತು. ಏಪ್ರಿಲಿನಲ್ಲಿ ಬಣ್ಣಬಣ್ಣದ ಕೊಡೆಗಳನ್ನು ತೂಗುಹಾಕಿದ್ದ ಅದೇ ಹಗ್ಗದಲ್ಲಿ ಈಗ ಪ್ಲಾಸ್ಟಿಕ್ಕಿನ ಗೂಡುದೀಪಗಳು ಹೊಳೆಯುತ್ತಿದ್ದವು. ದೀಪಾವಳಿಗೆ ಇನ್ನೂ ಮೂರು ತಿಂಗಳಿತ್ತು.

ಕೊನೆಗೆ ನಮ್ಮ ಕೈ ಹಿಡಿದದ್ದು ಬಂಟ್ವಾಳ ಪೇಟೆಯ ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಕುಳಿತಿದ್ದ ಕೊಡೆ ರಿಪೇರಿಯ ಮುದುಕ. ಎರಡು ಕಡ್ಡಿ ಬದಲಾಯಿಸಿ ನಲವತ್ತು ರೂಪಾಯಿ ತೆಗೆದುಕೊಂಡ. ಇಡೀ ಪೇಟೆಯಲ್ಲಿ ಮಳೆಗಾಲ ನಡೆಯುತ್ತಿದೆ ಎಂದು ಒಪ್ಪಿಕೊಂಡಿದ್ದ ವ್ಯಾಪಾರಿ ಅವನೊಬ್ಬನೇ ಎಂದು ನನಗೆ ಕಂಡಿತು.

ಇಷ್ಟು ಸಣ್ಣ ಸಂಗತಿಗೆ ನೀತಿ ಅನೀತಿಯ ದೊಡ್ಡ ಮಾತು ಯಾಕೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡು ಸುಮ್ಮನಾಗಿದ್ದೆ. ಆದರೆ 'ಸೀಸನ್ ಮುಗಿಯಿತು' ಎಂಬ ಮಾತು ಕಿವಿಯಿಂದ ಹೋಗಲಿಲ್ಲ. ಮಳೆ ಸುರಿಯುತ್ತಿರುವಾಗ ಮಳೆಗಾಲ ಮುಗಿಯಿತೆಂದು ಹೇಳುವ ಅಧಿಕಾರ ಯಾರಿಗಿದೆ? ಕಾಲ ಎಂಬುದು ಯಾರದು?

ಮೊದಲು ಅಂಗಡಿಯವರ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ಕಾಲಕ್ಕೆ ಮೊದಲೇ ಸಿದ್ಧವಾಗುವುದು ನಮ್ಮ ಕರಾವಳಿಯ ಬದುಕಿನ ವಿವೇಕ. ನನ್ನ ಅಮ್ಮ ಮಾರ್ಚ್ ಏಪ್ರಿಲಿನಲ್ಲೇ ಸೌದೆ ಒಟ್ಟುತ್ತಿದ್ದರು, ಹಲಸಿನ ಹಪ್ಪಳ ಒಣಗಿಸುತ್ತಿದ್ದರು, ಭರಣಿಯಲ್ಲಿ ಮಾವಿನಮಿಡಿಗೂ ಹಲಸಿನ ತೊಳೆಗೂ ಉಪ್ಪು ಹಾಕುತ್ತಿದ್ದರು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಒಣಮೀನನ್ನು ಮೇ ತಿಂಗಳಲ್ಲೇ ಕಟ್ಟಿಡದ ಮನೆ ಇಂದಿಗೂ ಕಡಿಮೆ. ಬೆಳ್ತಂಗಡಿಯ ಅಡಿಕೆ ತೋಟದವರನ್ನು ಕೇಳಿ. ಕೊಳೆರೋಗ ತಡೆಯಬೇಕಾದರೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಂಗಡಿಯವನು ಮೇ ತಿಂಗಳಲ್ಲಿ ಮೈಲುತುತ್ತು ತರಿಸಿಡದಿದ್ದರೆ ತೋಟದವನ ವರ್ಷವೇ ಹೋಯಿತು.

ಮಳೆಯೇನು ನಮ್ಮ ಕ್ಯಾಲೆಂಡರ್ ನೋಡಿ ಬರುತ್ತದೆಯೇ? ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು. ಆ ವರ್ಷ ಏಪ್ರಿಲಿನಲ್ಲಿ ಕೊಡೆ ತೂಗುಹಾಕಿದ್ದವರನ್ನು ನೋಡಿ ನಕ್ಕಿದ್ದ ನಾನು ಮೇ ಕೊನೆಯ ವಾರದಲ್ಲಿ ನೆನೆದುಕೊಂಡೇ ಓಡಾಡಿದೆ. ಹಾಗಾಗಿ ಏಪ್ರಿಲಿನ ಕೊಡೆಯ ಮೇಲೆ ನನಗೆ ದೂರಿಲ್ಲ. ನನ್ನ ದೂರು ಜುಲೈ ತಿಂಗಳ ಖಾಲಿ ಹಗ್ಗದ ಮೇಲೆ.

ಅಡಿಕೆಯವರ ಉದಾಹರಣೆಯಲ್ಲೇ ಇದನ್ನು ನೋಡಬಹುದು. ಮೈಲುತುತ್ತಿನ ಸಿಂಪಡಣೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಲವತ್ತು, ನಲವತ್ತೈದು ದಿನಗಳ ನಂತರ ಮಳೆಯ ನಡುವೆ ಹೊಳವು ಸಿಕ್ಕಾಗ ಇನ್ನೊಮ್ಮೆ ಹೊಡೆಯಬೇಕು. ಮೇ ತಿಂಗಳಲ್ಲಿ ರಾಶಿ ಹಾಕಿ ಮಾರಿ, ಜುಲೈಯಲ್ಲಿ "ಸೀಸನ್ ಮುಗಿಯಿತು" ಎನ್ನುವ ಅಂಗಡಿಯಿಂದ ಆ ತೋಟಕ್ಕೆ ಏನು ಪ್ರಯೋಜನ? ಅಮ್ಮನ ಭರಣಿ ತೆರೆಯುತ್ತಿದ್ದದ್ದು ಆಟಿಯ ಮಳೆಯಲ್ಲಿ. ತುಂಬಿಸುವುದು ಬೇಸಿಗೆಯಲ್ಲಿ, ತೆರೆಯುವುದು ಕಷ್ಟದ ಕಾಲದಲ್ಲಿ. ಸಿದ್ಧತೆ ಎಂದರೆ ಅದು. ಪೇಟೆಯ ಅವಸರ ಹಾಗಲ್ಲ. ಅದು ಬೇಸಿಗೆಯಲ್ಲೇ ಭರಣಿ ತೆರೆದು, ಆಟಿ ಬರುವಷ್ಟರಲ್ಲಿ ತೊಳೆದು ಕವುಚಿ ಹಾಕುತ್ತದೆ.

ಮೂಡುಬಿದಿರೆಯಲ್ಲಿ ನನ್ನ ಗೆಳೆಯನೊಬ್ಬನಿಗೆ ಸಣ್ಣ ಫ್ಯಾನ್ಸಿ ಅಂಗಡಿಯಿದೆ. ಅವನಲ್ಲಿ ನನ್ನ ಸಿಟ್ಟು ತೋಡಿಕೊಂಡೆ. ಅವನು ನಗುತ್ತಾ ಲೆಕ್ಕದ ಪುಸ್ತಕ ತೆರೆದ. "ಕೊಡೆಯ ಆರ್ಡರ್ ಕೊಡುವುದು ಜನವರಿಯಲ್ಲಿ. ಮೊದಲು ಬುಕ್ ಮಾಡಿದವನಿಗೆ ರೇಟ್ ಕಡಿಮೆ. ಮಾಲು ಬಂದ ಮೇಲೆ ಇಡಲು ನನಗೆ ಗೋಡೌನ್ ಇಲ್ಲ, ಅಂಗಡಿಯೇ ಗೋಡೌನ್. ಎದುರಿನವನು ಏಪ್ರಿಲ್ ಹತ್ತಕ್ಕೆ ತೂಗುಹಾಕಿದರೆ ನಾನು ಒಂದನೇ ತಾರೀಕಿಗೆ ತೂಗುಹಾಕಬೇಕು. ಉಳಿದದ್ದನ್ನು ಕಂಪೆನಿ ವಾಪಸು ತೆಗೆದುಕೊಳ್ಳುವುದಿಲ್ಲ. ಜೂನ್ ಕೊನೆಗೆ ಒಂದು ಡಜನ್ ಉಳಿಯಿತೆಂದರೆ ಅದರಲ್ಲಿ ನನ್ನ ಲಾಭವೆಲ್ಲ ಸಿಕ್ಕಿಹಾಕಿಕೊಂಡ ಹಾಗೆ."

ಅವನದು ದುರಾಸೆಯಲ್ಲ, ಭಯ. ಯಕ್ಷಗಾನದ ಬಯಲಿನಲ್ಲಿ ಮುಂದಿನ ಸಾಲಿನವನೊಬ್ಬ ಎದ್ದು ನಿಂತರೆ ಹಿಂದಿನವರೆಲ್ಲ ಎದ್ದು ನಿಲ್ಲಬೇಕಾಗುತ್ತದೆ. ಆಮೇಲೆ ಯಾರಿಗೂ ಹೆಚ್ಚು ಕಾಣಿಸುವುದಿಲ್ಲ, ಎಲ್ಲರ ಕಾಲೂ ನೋಯುತ್ತದೆ. ಇದು ನಮ್ಮ ಪೇಟೆಗಳ ರೋಗ ಮಾತ್ರವೂ ಅಲ್ಲ. ಫಿಲಿಪ್ಪೀನ್ಸಿನಲ್ಲಿ ಸೆಪ್ಟೆಂಬರ್ ಹುಟ್ಟಿದೊಡನೆ ಕ್ರಿಸ್ಮಸ್ಸಿನ ಹಾಡು ಶುರುವಾಗುತ್ತದೆಯಂತೆ. ಅವರು ಅದನ್ನು ಸಂತೋಷದಿಂದಲೇ ಮಾಡುತ್ತಾರೆ, ಮಾಡಲಿ.

ಉರ್ದು ಶಾಲೆಯಲ್ಲಿ ನಾನು ಮೊದಲು ಕಲಿತ ಪದಗಳಲ್ಲಿ 'ಮೌಸಮ್' ಒಂದು. ಅದರ ಹಿಂದೆ ಒಂದು ಕಥೆಯಿದೆ ಎಂದು ತಿಳಿದದ್ದು ಬಹಳ ತಡವಾಗಿ. ಅರಬಿಯ 'ಮೌಸಿಮ್' ಎಂದರೆ ಒಂದು ಕೆಲಸಕ್ಕೆ ತಕ್ಕ ಕಾಲ. ಅರಬ್ ನಾವಿಕರಿಗೆ ಅದು ಹಡಗು ಬಿಡಬಹುದಾದ ಗಾಳಿಯ ಕಾಲ. ಆ ಪದ ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ 'ಮಾನ್ಸೂನ್' ಆಯಿತು. ಮಂಗಳೂರಿಗೆ ಮೆಣಸು, ಶುಂಠಿಗಾಗಿ ಬರುತ್ತಿದ್ದ ಹಡಗುಗಳು ಗಾಳಿ ತಿರುಗುವವರೆಗೆ ಕಾಯಲೇಬೇಕಿತ್ತು. ಎಷ್ಟೇ ದೊಡ್ಡ ಸಾಹುಕಾರನಾದರೂ ಆಟಿಯ ಕಡಲಿಗೆ ಹಡಗು ಇಳಿಸುವಂತಿರಲಿಲ್ಲ. ನೇತ್ರಾವತಿಯಲ್ಲಿ ಬಂಟ್ವಾಳದಿಂದ ಮಂಗಳೂರಿಗೆ ಸರಕು ಸಾಗಿಸುತ್ತಿದ್ದ ದೋಣಿಗಳವರೂ ನದಿಯ ಮುಖ ನೋಡಿಯೇ ಹೊರಡಬೇಕಿತ್ತು. ವ್ಯಾಪಾರಿಯೂ ಕಾಲದ ಕೆಳಗೆ ಬದುಕುತ್ತಿದ್ದ. ಈಗ ಆ ಪದ ತಲೆಕೆಳಗಾಗಿದೆ. ಅಂಗಡಿಯಲ್ಲಿ ಮಾಲು ಇದ್ದರೆ ಸೀಸನ್, ಇಲ್ಲದಿದ್ದರೆ ಆಕಾಶವೇ ಹರಿದು ಬಿದ್ದರೂ ಸೀಸನ್ ಅಲ್ಲ.

ವ್ಯಾಪಾರಿಗಳ ನಡುವೆಯೇ ಹುಟ್ಟಿ, ಸ್ವತಃ ವ್ಯಾಪಾರ ಮಾಡಿ ಬಲ್ಲ ಪ್ರವಾದಿಯವರು(ಸ) ಈ ಅವಸರದ ಬಗ್ಗೆ ಮಾತನಾಡಿದ್ದಾರೆ. ಹಣ್ಣು ಬಲಿತದ್ದು ಕಣ್ಣಿಗೆ ಕಾಣುವ ಮೊದಲು ಮರದ ಮೇಲಿನ ಫಸಲನ್ನು ಮಾರುವುದನ್ನು ಅವರು ತಡೆದರು. ಖರ್ಜೂರ ಕೆಂಪಗೋ ಹಳದಿಯೋ ಆಗಲಿ, ಆಮೇಲೆ ಮಾರಿ ಎಂದರು. ಕಾರಣವನ್ನೂ ಕೊಟ್ಟರು: ನಡುವೆ ಫಸಲು ಹಾಳಾದರೆ, ಮಾರಿದವನು ತನ್ನ ಸಹೋದರನ ಹಣವನ್ನು ಯಾವುದರ ಬದಲಿಗೆ ಇಟ್ಟುಕೊಳ್ಳುತ್ತಾನೆ? ಹಾಗೆಂದು ಮುಂಗಡ ವ್ಯಾಪಾರವನ್ನೇ ಇಸ್ಲಾಮ್ ಮುಚ್ಚಿಹಾಕಲಿಲ್ಲ. 'ಸಲಮ್' ಎಂಬ ಒಪ್ಪಂದದಲ್ಲಿ ಇಂದು ಹಣ ಕೊಟ್ಟು ಮುಂದೆ ಸರಕು ಪಡೆಯಬಹುದು. ಷರತ್ತು ಇಷ್ಟೇ, ಅಳತೆ ಅಥವಾ ತೂಕ ಗೊತ್ತಿರಬೇಕು, ಅವಧಿ ಗೊತ್ತಿರಬೇಕು. ಅಂದರೆ ದೋಷವಿರುವುದು ಮುಂಚಿತವಾಗಿರುವುದರಲ್ಲಲ್ಲ, ಕಾಲ ಒಡ್ಡುವ ನಷ್ಟವನ್ನು ಒಬ್ಬನ ತಲೆಗೇ ಕಟ್ಟುವುದರಲ್ಲಿ.

ಆ ನಿಷೇಧ ಇಂದಿಗೆ ಯಾಕೆ ಬೇಕು ಎನ್ನುವವರು ಮಾರ್ಚ್ ತಿಂಗಳಲ್ಲಿ ಪೇಟೆಗೆ ಬಂದು ಮಾವಿನಹಣ್ಣು ನೋಡಬೇಕು. ನಮ್ಮ ಹಿತ್ತಲಿನ ಮುಂಡಪ್ಪ ಮಾವು ಇನ್ನೂ ಕಾಯಿ, ಅಂಗಡಿಯಲ್ಲಿ ಮಾತ್ರ ಹಳದಿ ಹಣ್ಣಿನ ಗೋಪುರ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಅದರಲ್ಲಿ ಆರ್ಸೆನಿಕ್, ಫಾಸ್ಫರಸ್‌ಗಳ ಅಂಶ ಉಳಿದಿರುತ್ತದೆ. ಎಥಿಲೀನ್ ಅನಿಲವನ್ನು ಮಿತಿಯಲ್ಲಿ ಬಳಸಲು ಅನುಮತಿಯಿದೆ. ಕಾನೂನು ಇದ್ದರೂ ಕಾರ್ಬೈಡಿನ ಪೊಟ್ಟಣ ಸಿಕ್ಕಿಬಿದ್ದ ಸುದ್ದಿ ಬೇಸಿಗೆಯಲ್ಲಿ ಓದುತ್ತಲೇ ಇರುತ್ತೇವೆ. ಸಿಪ್ಪೆ ಹಳದಿ, ಒಳಗೆ ಹುಳಿ. ಹಳದಿಯಾಗಲಿ ಎಂದು ಕಾದ ಖರ್ಜೂರಕ್ಕೂ ಹಳದಿ ಬಳಿಸಿಕೊಂಡ ಈ ಮಾವಿಗೂ ನಡುವೆ ಇರುವುದು ಕಾಯುವ ಕೆಲವು ವಾರಗಳಷ್ಟೇ.

ಇನ್ನು ನಮ್ಮ ಮನೆಯೊಳಗಿನ ಮಾತು. ರಮಝಾನ್ ಯಾವ ಅಂಗಡಿಯ ಸೀಸನ್ನಿಗೂ ಸಿಗದ ತಿಂಗಳು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2016ರಲ್ಲಿ ಜೂನಿನ ಮಳೆಯೊಂದಿಗೆ ಶುರುವಾದ ಉಪವಾಸ ಈಗ ಜನವರಿಯ ಕಡೆಗೆ ಹೊರಟಿದೆ. 2030ರಲ್ಲಿ ಒಂದೇ ಇಸವಿಯಲ್ಲಿ ಎರಡು ಸಲ ರಮಝಾನ್ ಹುಟ್ಟಲಿದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಅಷ್ಟೇ ಅಲ್ಲ, ರಮಝಾನಿನ ಮುನ್ನಾದಿನ ಒಂದೆರಡು ಉಪವಾಸ ಹಿಡಿದು ಅದನ್ನು ಮೊದಲೇ ಬರಮಾಡಿಕೊಳ್ಳುವುದನ್ನೂ ಪ್ರವಾದಿಯವರು(ಸ) ತಡೆದಿದ್ದಾರೆ, ಆ ದಿನ ಉಪವಾಸ ಹಿಡಿಯುವುದು ಯಾರಿಗಾದರೂ ವಾಡಿಕೆಯಾಗಿದ್ದರೆ ಮಾತ್ರ ವಿನಾಯಿತಿ. ಒಳ್ಳೆಯ ಕೆಲಸದಲ್ಲೂ ಕಾಲವನ್ನು ಹಾರಿ ಹೋಗಬೇಡಿ ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಚಂದ್ರನನ್ನು ಕಂಡ ಮೇಲೆ ಹಿಡಿಯಿರಿ, ಕಂಡ ಮೇಲೆ ಬಿಡಿರಿ.

ಇಂತಹ ತಿಂಗಳಿಗೂ ಈಗ ರಜಬ್ ಮುಗಿಯುವ ಮೊದಲೇ ಬ್ಯಾನರ್ ಬೀಳುತ್ತಿದೆ. ಖರ್ಜೂರದ ಪೆಟ್ಟಿಗೆಗಳು, 'ಈದ್ ಕಲೆಕ್ಷನ್' ಎಂಬ ಬಟ್ಟೆಗಳು. ಹಾಕಿಸುವವರಲ್ಲಿ ನಮ್ಮವರೇ ಹೆಚ್ಚು. ನಾನು ಚಿಕ್ಕವನಿದ್ದಾಗ ಇಪ್ಪತ್ತೊಂಬತ್ತನೆಯ ಸಂಜೆ ಮಸೀದಿಯ ಅಂಗಳದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಮಕ್ಕಳಿಗೆ ನಾಳೆ ಹಬ್ಬವೋ ಉಪವಾಸವೋ ಗೊತ್ತಿರಲಿಲ್ಲ. ದರ್ಜಿಯ ಅಂಗಡಿಯಲ್ಲಿ ದೀಪ ಉರಿಯುತ್ತಲೇ ಇರುತ್ತಿತ್ತು, ನನ್ನ ಅಂಗಿಗೆ ಇನ್ನೂ ಗುಂಡಿ ಹಾಕಿರುತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ಹಬ್ಬದ ಅರ್ಧ ಭಾಗವಾಗಿತ್ತು. ನನ್ನ ಮಗಳ ಈದಿನ ಬಟ್ಟೆ ಹಬ್ಬಕ್ಕೆ ತಿಂಗಳ ಮೊದಲೇ ಕಪಾಟಿನಲ್ಲಿರುತ್ತದೆ. ಹಬ್ಬದ ದಿನ ಅವಳಿಗೆ ಅದು ಹಳೆಯದು.

ನೆರೆಹೊರೆಯವರೂ ಇದನ್ನು ಬಲ್ಲವರೇ. ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ತೆನೆಗೆ ಆಶೀರ್ವಾದ ಮಾಡಿಸಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ತುಳುವರಿಗೆ ತೆನೆ ಕಟ್ಟುವ ದಿನವಿದೆ, ಪುದ್ವಾರ್ ಊಟವಿದೆ. ಗದ್ದೆ ತಮ್ಮದೇ, ಭತ್ತ ತಮ್ಮದೇ, ಆದರೂ ಆ ದಿನದವರೆಗೆ ಮುಟ್ಟುವುದಿಲ್ಲ. ಬೇಶ ತಿಂಗಳ ಹತ್ತಕ್ಕೆ, ಪತ್ತನಾಜೆಯ ದಿನ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಶುರುವಿಗೂ ಮುಕ್ತಾಯಕ್ಕೂ ಅಲ್ಲಿ ಒಂದು ದಿನವಿದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಹಬ್ಬದ ಸೊಗಸು ಹೋಯಿತೆಂಬುದಲ್ಲ. ಅದು ಸ್ವಲ್ಪ ಮಟ್ಟಿಗೆ ನನ್ನಂತಹ ನಡುವಯಸ್ಸಿನವರ ಗೊಣಗಾಟವೂ ಆಗಿರಬಹುದು. ನಮ್ಮ ಹಿಂದಿನ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರಿದ್ದಾರೆ. ವಾರಕ್ಕೊಮ್ಮೆ ಅವರ ಬಟವಾಡೆ. ಆ ಹಣ ಅಕ್ಕಿಗೆ, ಔಷಧಿಗೆ, ಸ್ವಸಹಾಯ ಸಂಘದ ಕಂತಿಗೆ ಹಂಚಿಹೋಗುತ್ತದೆ. ಏಪ್ರಿಲಿನ ಬಿಸಿಲಲ್ಲಿ ನಿಂತು ಜುಲೈಯ ಮಳೆಗೆ ಹಣ ಕೊಡಲು ಅವರಿಂದಾಗದು. ಅವರು ಕೊಡೆ ಕೊಳ್ಳುವುದು ಮಳೆ ಬಂದ ಮೇಲೆ, ಹಳೆಯದು ಪೂರಾ ಹರಿದ ಮೇಲೆ. ಅದು ಅಜಾಗರೂಕತೆಯಲ್ಲ, ಅವರ ಹಣ ನಡೆಯುವ ಕಾಲವೇ ಹಾಗೆ. ಕೈಯಲ್ಲಿ ಮೂರು ತಿಂಗಳ ಹಣವಿರುವವನಿಗೆ ಮೂರು ತಿಂಗಳ ಮುಂದಿನ ಅಂಗಡಿ ತೆರೆದಿರುತ್ತದೆ. ಈ ವಾರದ ಹಣ ಮಾತ್ರ ಇರುವವರು ಹೋದಾಗ ಸಿಗುವುದು ಹರಿದ ಪೆಟ್ಟಿಗೆಯಲ್ಲಿ ಉಳಿದ, ಯಾರೂ ಒಲ್ಲದ ಬಣ್ಣದ ಒಂದೆರಡು, ಇಲ್ಲವೇ "ಏಪ್ರಿಲಿನಲ್ಲಿ ಬರಬೇಕಿತ್ತು" ಎಂಬ ಉಪದೇಶ. ಬಡವರು ಯಾವಾಗಲೂ ತಡವಾಗಿ ಬರುತ್ತಾರೆ ಎಂದು ನಾವು ಹೇಳುತ್ತೇವೆ. ಅವರು ಸರಿಯಾದ ಕಾಲಕ್ಕೇ ಬಂದಿರುತ್ತಾರೆ, ಅಂಗಡಿ ಎದ್ದು ಹೋಗಿರುತ್ತದೆ.

ಇದನ್ನೂ ಗೆಳೆಯನಿಗೆ ಹೇಳಿದ್ದೆ. ಅವನು ಏನೂ ಉತ್ತರ ಕೊಡಲಿಲ್ಲ, ಲೆಕ್ಕದ ಪುಸ್ತಕ ಮುಚ್ಚಿಟ್ಟ.

ಸೆಪ್ಟೆಂಬರಿನಲ್ಲಿ ಮತ್ತೆ ಮೂಡುಬಿದಿರೆಗೆ ಹೋದಾಗ ಅವನ ಅಂಗಡಿಯ ಹಗ್ಗದಲ್ಲೂ ಗೂಡುದೀಪಗಳೇ ತೂಗುತ್ತಿದ್ದವು. ನಾನು ಅವುಗಳನ್ನು ನೋಡುತ್ತಿರುವುದನ್ನು ಕಂಡು ಅವನು ಗಲ್ಲಾದ ಕೆಳಗೆ ಬಗ್ಗಿ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಜೂನ್ ಕೊನೆಗೆ ಉಳಿದಿದ್ದ ಒಂದು ಡಜನ್ ಕೊಡೆಗಳನ್ನು ಅಟ್ಟಕ್ಕೆ ಹಾಕದೆ ಅಲ್ಲೇ ಇಟ್ಟುಕೊಂಡಿದ್ದನಂತೆ. ಒಂಬತ್ತು ಹೋಗಿವೆ ಎಂದ. ಅದರಲ್ಲಿ ಎರಡರ ಹಣ ಇನ್ನೂ ಬಂದಿಲ್ಲವಂತೆ.

"ಉಳಿದ ಮೂರು?" ಎಂದು ಕೇಳಿದೆ.

"ಅದನ್ನೇ ನಿನ್ನಲ್ಲಿ ಕೇಳೋಣ ಅಂತಿದ್ದೆ" ಎಂದ ಅವನು. ಆಕಾಶ ಆಗಲೇ ತಿಳಿಯಾಗಿತ್ತು. ನಾನು ಒಂದು ಕೊಡೆ ಕೊಂಡುಕೊಂಡು ಬಂದೆ.