ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಆರಿದ್ರಾ ಮಳೆ ಹಿಡಿದು ಬಾವಿಯ ನೀರು ಕದಡಿದ್ದ ದಿನಗಳು. ಹೆಗ್ಗೋಡಿನಲ್ಲಿ ನಮ್ಮ ಹತ್ತಿರದ ಮನೆಯೊಂದರ ಮಗುವಿಗೆ ರಾತ್ರಿಯಿಂದ ಭೇದಿ. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು. "ನೀರು ಕುಡಿಸಿದ್ರೆ ಇನ್ನೂ ಹೋಗ್ತದೆ ಅಂತ ಕೊಡ್ಲಿಲ್ಲ ಮಾರಾಯ್ರೆ" ಎಂದಳು ತಾಯಿ. ಅವಳನ್ನು ದಡ್ಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಲಿತ ವೈದ್ಯರೇ ಬಹುಕಾಲ ಹಾಗೆ ನಂಬಿದ್ದರು: ಕರುಳಿಗೆ ವಿಶ್ರಾಂತಿ ಬೇಕು, ನೀರೇನಿದ್ದರೂ ಸೂಜಿಯಲ್ಲೇ ಹೋಗಬೇಕು.

ಆ ನಂಬಿಕೆ ಮುರಿದದ್ದು ನಮ್ಮ ನೆರೆಯಲ್ಲಿ. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದ ತರುಣ ವೈದ್ಯರಾದ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್, ಗ್ಲೂಕೋಸ್ ಮತ್ತು ಲವಣ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿ ನೋಡಿದರು. ಭೇದಿಯ ನಡುವೆಯೂ ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸಲೈನ್ ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಲನಬೀಸ್ ಇದೇ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದರ ನಂತರದ ಕತೆ. 1980ರಿಂದ ಹತ್ತು ವರ್ಷ, ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳ ಮೆಟ್ಟಿಲು ಹತ್ತಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಂದಿರ ಕೈಯಲ್ಲೇ ಕಲಸಿಸಿ ತೋರಿಸಿದರು. ಕೆಲವು ವಾರ ಬಿಟ್ಟು ಬೇರೆಯವರು ಬಂದು ಆ ತಾಯಂದಿರನ್ನು ವಿಚಾರಿಸುತ್ತಿದ್ದರು; ಅವರಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ. ಎಷ್ಟು ಹೇಳಿದೆ ಎಂಬುದಕ್ಕಲ್ಲ, ಎಷ್ಟು ತಲುಪಿತು ಎಂಬುದಕ್ಕೆ ಕೂಲಿ! ನಮ್ಮ ಮೇಷ್ಟ್ರುಗಳನ್ನು, ವೈದ್ಯರನ್ನು, ಬರೆಯುವ ನನ್ನಂಥವರನ್ನು ಹೀಗೆ ಅಳೆದರೆ ಎಷ್ಟು ಜನ ಉಳಿದೇವು? ಬ್ರ್ಯಾಕ್ ಕಟ್ಟಿದ ಫಜ್ಲೆ ಹಸನ್ ಅಬೇದ್ ಅವರಿಗೆ 1980ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು; 1991ರಲ್ಲಿ ಅದೇ ಪ್ರಶಸ್ತಿ ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ. ಒಬ್ಬರದು ಆರೋಗ್ಯ, ಬಡತನದ ದಾರಿ, ಇನ್ನೊಬ್ಬರದು ನಾಟಕ, ಪುಸ್ತಕದ ದಾರಿ. ತಿಳಿವಳಿಕೆ ಹಳ್ಳಿಯ ಜಗಲಿಯವರೆಗೆ ಬರಬೇಕೆಂಬ ಹಟ ಮಾತ್ರ ಇಬ್ಬರದೂ ಒಂದೇ.

ನಮ್ಮ ಅಜ್ಜಿಯರ ಗಂಜಿತಿಳಿಯ ಬಗ್ಗೆ ನನಗೆ ಗೌರವವಿದೆ. ಅಕ್ಕಿಯಿಂದ ಮಾಡಿದ ಲವಣದ್ರಾವಣವೂ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆಂದು ಢಾಕಾದ ಸಂಶೋಧಕರೇ ತೋರಿಸಿದ್ದಾರೆ. ಆದರೆ ಅದೇ ಅಜ್ಜಿಯರ ಬಾಯಲ್ಲಿ "ಹೊಟ್ಟೆ ಖಾಲಿ ಬಿಡಿ" ಎಂಬ ಮಾತೂ ಇತ್ತು. ಎರಡನ್ನೂ ಒಂದೇ ಪರಂಪರೆ ಎಂದು ತಲೆಯ ಮೇಲೆ ಹೊರಬೇಕಿಲ್ಲ.

ಆ ಮಗು ಸಂಜೆಗೆ ಮೂತ್ರ ಮಾಡಿತು, ಅಮ್ಮನನ್ನು ಗುರುತಿಸಿ ಅತ್ತಿತು. ಈ ಉಪ್ಪು-ಸಿಹಿಯ ನೀರನ್ನು ಚಮಚ ಚಮಚವಾಗಿ ಕುಡಿಸಿದ್ದು ಅವಳೇ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಹತ್ತಿರ ಇದೇ ದ್ರಾವಣದ ಓಆರ್‌ಎಸ್ ಪೊಟ್ಟಣ ಕೇಳಿ, ಮಳೆಗಾಲಕ್ಕೆ ಮುಂಚೆಯೇ ಮನೆಯಲ್ಲಿಟ್ಟುಕೊಳ್ಳಿ. ದೊಡ್ಡ ಪೊಟ್ಟಣವಾದರೆ ಪೂರ್ತಿ ಸುರಿದು, ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಬೆರೆಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಪಕ್ಕದ ಮನೆಯವರಿಗೂ ಹೇಳಿ. ವಾರ ಬಿಟ್ಟು ಹೋಗಿ, ನೆನಪಿದೆಯೇ ಎಂದು ಕೇಳಿ.