ಓಡಾಡೋ ವೈರು

ವಾರವಿಡೀ ಲ್ಯಾಪ್‌ಟಾಪಿನೊಳಗೆ ಕೈಗೆ ಸಿಗದ ಕೆಲಸ ಮಾಡುವವನಿಗೆ, ಮುಟ್ಟಿ ನೋಡುವಂಥದ್ದು ಏನಾದರೂ ಮಾಡಬೇಕು ಅನ್ನಿಸೋದು ಸಹಜ. ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಪುಟ್ಟ ಸಿಎನ್‌ಸಿ ಕಟ್ಟಲು ಕೂತೆ. ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಯಂತ್ರ. ಮೋಟಾರು, ಡ್ರೈವರು, ಅಲ್ಯೂಮಿನಿಯಂ ಪಟ್ಟಿ ಎಲ್ಲಕ್ಕೂ ಕೈಬಿಚ್ಚಿ ಖರ್ಚು ಮಾಡಿದೆ. ವೈರಿನ ಸರದಿ ಬಂದಾಗ ಜುಗ್ಗನಾದೆ.

ಎಸ್.ಪಿ. ರೋಡಿನ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಒಂದ್ ಕಡೆ ಇರೋ ವೈರಾ ಸಾರ್, ಓಡಾಡೋ ವೈರಾ?"

ಓಡಾಡೋದಕ್ಕೆ ಅಂತ ಬೇರೆ ಕೇಬಲ್ಲೇ ಇದೆ. 0.75 ಚದರ ಮಿ.ಮೀ. ತಾಮ್ರವನ್ನು ಕೂದಲಿನಂಥ ಹತ್ತಾರು ಎಳೆಗಳಾಗಿ ಹೊಸೆದಿರುತ್ತಾರೆ. ಎಷ್ಟು ಸಲ ಬಾಗಿಸಿದರೂ ಬೇಗ ಮುರಿಯೋದಿಲ್ಲ. ಬೆಲೆ ಕೇಳಿ ಹೊರಗೆ ಬಂದೆ. ಮನೆಯಲ್ಲಿ ಹಳೇ ಲ್ಯಾನ್ ಕೇಬಲ್ ಬಿದ್ದಿತ್ತು. ಒಳಗೆ ಎಂಟು ತಂತಿ, ಮೋಟಾರಿಗೆ ಬೇಕಾದ್ದು ನಾಲ್ಕು. ಎರಡೆರಡು ಜೋಡಿಸಿದೆ. ಯಂತ್ರ ಓಡಿತು. "ನಡೀತದೆ ಬಿಡು" ಅಂದುಕೊಂಡೆ.

ಏಳು ತಿಂಗಳು ನಡೆಯಿತು. ಒಂದು ಭಾನುವಾರ ಊರಿನ ಮನೆಗೆ ಅಪ್ಪನ ಹೆಸರಿನ ಫಲಕ ಕೆತ್ತುತ್ತಿದ್ದೆ. ಮೋಟಾರು ಕಿರುಗುಟ್ಟಿತು, ಅಕ್ಷರ ಪಕ್ಕಕ್ಕೆ ಸರಿಯಿತು, ತೇಗದ ಹಲಗೆ ಹಾಳಾಯಿತು. ಕೇಬಲ್ ಹೊರಗಿನಿಂದ ಹೊಚ್ಚ ಹೊಸದರ ಹಾಗಿತ್ತು. ನೆಟ್ಟಗೆ ಹಿಡಿದರೆ ಮಲ್ಟಿಮೀಟರ್ ಬೀಪ್ ಅನ್ನುತ್ತಿತ್ತು, ಬಾಗಿಸಿದರೆ ಸುಮ್ಮನಾಗುತ್ತಿತ್ತು. ಲ್ಯಾನ್ ಕೇಬಲ್ಲಿನದು ಒಂಟಿ ತಂತಿ. ಗೋಡೆಯೊಳಗೆ ವರ್ಷಗಟ್ಟಲೆ ಇರುತ್ತೆ; ಸಾವಿರ ಸಲ ಬಾಗಿಸಿದರೆ ಒಳಗೊಳಗೇ ಮುರಿಯುತ್ತೆ. ಎರಡರಲ್ಲಿ ಮೊದಲ ತಂತಿ ಯಾವಾಗ ಹೋಯಿತೋ, ಎರಡನೆಯದು ಅದರ ಭಾರವನ್ನೂ ಹೊತ್ತು ವಿಷಯ ಮುಚ್ಚಿಟ್ಟಿತ್ತು.

ನನ್ನನ್ನು ಕಾಡಿದ್ದು ಇನ್ನೊಂದು. ಇಂಥ ಯಂತ್ರದಲ್ಲಿ ಸ್ಟೆಪ್ಪರ್ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಕಂಟ್ರೋಲರ್ ಬರೀ "ಇಡು" ಅನ್ನುತ್ತೆ, ಹೆಜ್ಜೆ ಬಿತ್ತೋ ಇಲ್ಲವೋ ತಿರುಗಿ ನೋಡೋದಿಲ್ಲ. ಹೇಳಿದ್ದೇನೆ, ಆದ್ದರಿಂದ ಆಗಿದೆ ಅಂತ ನಂಬಿಕೊಂಡು ಮುಂದೆ ಹೋಗುತ್ತೆ. ನಾನೂ ಹಾಗೇ ಇದ್ದೆ. ಓಡ್ತಾ ಇದೆ, ಆದ್ದರಿಂದ ಸರಿಯಾಗಿದೆ.

ಕೆಟ್ಟ ಕೇಬಲ್ ಒಂದನ್ನು ಮಾತ್ರ ಬದಲಾಯಿಸಿದೆ. ಸ್ಪಿಂಡಲನ್ನು ಮೇಲೆ ಕೆಳಗೆ ಒಯ್ಯುವ ಮೋಟಾರಿಗೆ ಅದೇ ಹಳೇ ಲ್ಯಾನ್ ಕೇಬಲ್ ಉಳಿಯಿತು. ಅದಿನ್ನೂ ಕೆಟ್ಟಿರಲಿಲ್ಲವಲ್ಲ!

ಆಮೇಲೆ ಮನೆ ಬದಲಿಸಬೇಕಾಯಿತು, ಯಂತ್ರ ಮಾರಲು ಹೊರಟೆ. ಆಫೀಸಿನ ಗೆಳೆಯನೊಬ್ಬ ಬಂದು ನೋಡಿದ. ಜೊತೆಗೆ ಎರಡನೇ ಕ್ಲಾಸಿನ ಮಗಳು. ಪುಡಿ ಹಾರುವುದನ್ನು ನೋಡಲು ಅವಳು ಯಂತ್ರದ ಪಕ್ಕಕ್ಕೇ ಬಂದು ನಿಂತಳು.

"ಚೆನ್ನಾಗಿದೆ ತಾನೇ ಮಗಾ?"

"ಓಡ್ತಾ ಇದೆ," ಅಂದೆ.

ಹೇಳಿದ್ದು ನಿಜವೇ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ವೈರು ಕಡಿದರೆ ಮೋಟಾರು ಹಿಡಿತ ಕಳೆದುಕೊಳ್ಳುತ್ತೆ. ಸ್ಪಿಂಡಲ್ ತನ್ನ ಭಾರಕ್ಕೇ ಕೆಳಗೆ ಇಳಿದುಬಿಡಬಹುದು. ನಿಮಿಷಕ್ಕೆ 10,000 ಸುತ್ತಿಗೂ ಮೀರಿ ತಿರುಗುವ ಬಿಟ್ ತುಂಡಾಗಿ ಹಾರಬಹುದು. ಮೊದಲ ಸಲ ಆ ಕೇಬಲ್ ಹಾಕಿದ್ದು ತಪ್ಪು. ಗೊತ್ತಾದ ಮೇಲೂ ಅದನ್ನೇ ಉಳಿಸಿ ಕೊಡೋದಕ್ಕೆ ತಪ್ಪು ಅನ್ನೋ ಹೆಸರು ಸಾಲದು. ಅದು ಮೋಸ. ನಡುವೆ ಬದಲಾದದ್ದು ವೈರಲ್ಲ, ನನಗೆ ಗೊತ್ತಿರೋ ಸಂಗತಿ.

ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ನಕ್ಕ. "ಅಯ್ಯೋ, ಅಷ್ಟೇನಾ? ಐನೂರು ರೂಪಾಯಿ ಕಮ್ಮಿ ಮಾಡ್ಕೋ, ನಾನೇ ಯಾವತ್ತಾದ್ರೂ ಹಾಕಿಸ್ಕೋತೀನಿ."

ಅಲ್ಲಿಗೆ ನನ್ನ ಹೊಣೆ ಮುಗಿಯಬೇಕಿತ್ತು. ಹೇಳಿಯಾಗಿದೆ, ಒಪ್ಪಿಯಾಗಿದೆ. ಆದರೆ ಒಪ್ಪಿದವನು ಅವನು, ಪಕ್ಕದಲ್ಲಿ ನಿಲ್ಲೋದು ಅವನ ಮಗಳು. ಅವಳನ್ನು ಯಾರೂ ಕೇಳಿರಲಿಲ್ಲ. ಜೊತೆಗೆ ಆ "ಯಾವತ್ತಾದ್ರೂ" ನನಗೆ ಚೆನ್ನಾಗಿ ಪರಿಚಯವಿರುವ ದಿನ. ಏಳು ತಿಂಗಳು ಅದಕ್ಕೇ ಕಾದಿದ್ದೆ.

ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಬಾಯಿ ತೆರೆಯುವ ಮೊದಲೇ ಹೇಳಿದೆ:

"ಓಡಾಡೋ ವೈರು ಸಾರ್. ಮೂರು ಮೀಟರ್."