ಕಟ್ಟಿಕೊಂಡ ಬೇಸಿನ್ ಮತ್ತು ಶೌಚದ ಉಳಿದರ್ಧ

ಬಚ್ಚಲಿನ ಬೇಸಿನ್ ಕಟ್ಟಿಕೊಳ್ಳುವುದು ಒಂದೇ ದಿನದಲ್ಲಲ್ಲ. ಉದುರಿದ ಕೂದಲೊಂದು ವೇಸ್ಟ್ ಕಪ್ಲಿಂಗಿನ ಅಡ್ಡಪಟ್ಟಿಗೆ ಸುತ್ತಿಕೊಳ್ಳುತ್ತದೆ. ಸೋಪು ನೀರಿನ ಸುಣ್ಣದಂಶದೊಡನೆ ಸೇರಿ, ಕರಗದ ಜಿಡ್ಡಾಗಿ ಆ ಕೂದಲಿಗೆ ಮೆತ್ತುತ್ತದೆ. ತಲೆಯ ಎಣ್ಣೆ, ಉಗುಳು, ಟೂತ್‌ಪೇಸ್ಟು ಅಲ್ಲಿಗೇ ಬಂದು ನಿಲ್ಲುತ್ತವೆ. ಅದನ್ನು ತಿಂದು ಸೂಕ್ಷ್ಮಜೀವಿಗಳು ಬೆಳೆದಾಗ ಎಲ್ಲ ಸೇರಿ ಕಪ್ಪು ಲೋಳೆಯಾಗುತ್ತದೆ. ಒತ್ತಿದರೆ ಏಳುವ, ಮತ್ತೆ ಒತ್ತಿದರೆ ಮುಚ್ಚುವ ಹೊಸ ಮಾದರಿಯ ಬಿರಡೆಯಲ್ಲಿ ನೀರಿಗೆ ದಾರಿ ಇನ್ನೂ ಕಿರಿದು. ಅಲ್ಲಿ ಈ ಕೆಲಸ ಬೇಗ ಆಗುತ್ತದೆ.

ಬಿರಡೆ ಹುಟ್ಟಿದ್ದು ತೊಟ್ಟಿಯಲ್ಲಿ ನೀರು ನಿಲ್ಲಿಸಿ, ಅದರಲ್ಲೇ ಕೈಮುಖ ತೊಳೆಯುವ ಯುರೋಪಿನ ರೂಢಿಗಾಗಿ. ಭಟ್ಕಳ, ಹೊನ್ನಾವರ, ಕುಮಟೆಯ ಮನೆಗಳಲ್ಲಿ ಹಾಗೆ ತೊಳೆಯುವವರು ಸಿಗುವುದು ಕಷ್ಟ. ಇಲ್ಲಿ ಬಿರಡೆ ಮುಚ್ಚುವ ಪ್ರಸಂಗವೇ ಬರುವುದಿಲ್ಲ, ಆದರೂ ತೂತಿನ ಬಾಯಲ್ಲಿ ಅದು ಕೂತಿರುತ್ತದೆ. ನಿಂತ ನೀರಿನಲ್ಲಿ ತೊಳೆಯದಿರುವುದಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ಈ ಕರಾವಳಿಯ ಧರ್ಮಗಳು ಬಳಸಿದ ನೀರಿನ ಬಗ್ಗೆ ಬಹಳ ಕಾಲದಿಂದ ಯೋಚಿಸಿವೆ.

ಭಟ್ಕಳದ ನವಾಯತ ಮುಸ್ಲಿಮರು ಶಾಫಿ ಪಂಥದವರು. ಆ ಪಂಥದ ಧರ್ಮಶಾಸ್ತ್ರವಾದ ಫಿಕ್ಹ್‌ನಲ್ಲಿ ನೀರಿನ ಲೆಕ್ಕ ಬಲು ಸೂಕ್ಷ್ಮ. ಎರಡು ಕುಲ್ಲಾ, ಅಂದರೆ ಸುಮಾರು ಇನ್ನೂರು ಲೀಟರಿಗಿಂತ ಕಡಿಮೆ ಇರುವ ನಿಂತ ನೀರಿಗೆ ಅಶುದ್ಧಿ ತಾಗಿದರೆ ಅದು ಇಡಿಯಾಗಿ ಕೆಡುತ್ತದೆ. ಮಸೀದಿಯ ಹೌಜ್, ಅಂದರೆ ನೀರಿನ ಕೊಳ, ದೊಡ್ಡದಾಗಿರುವುದಕ್ಕೆ ಈ ಲೆಕ್ಕವೂ ಕಾರಣ. ಇನ್ನೊಂದು ಭೇದ ಇದಕ್ಕಿಂತ ಆಳವಾದದ್ದು: ನಮಾಜಿಗೆ ಮೊದಲು ಅಂಗಗಳನ್ನು ತೊಳೆಯುವ ವುಜೂವಿನಲ್ಲಿ ಕಡ್ಡಾಯವಾಗಿ ತೊಳೆಯಬೇಕಾದ ಅಂಗದಿಂದ ಇಳಿದ ನೀರು ತಾನು ಶುದ್ಧವೇ, ಆದರೆ ಮತ್ತೊಂದನ್ನು ಶುದ್ಧ ಮಾಡಲಾರದು. ವುಜೂ ಮಾಡುವಾಗ ಕಟ್ಟಿಕೊಂಡ ಬೇಸಿನ್ನಿನಲ್ಲಿ ಮೇಲೇರುವ ನೀರು ಅಂಥದು. ಅದು ಬಟ್ಟೆಗೆ ಸಿಡಿದರೆ ನಮಾಜಿಗೆ ಅಡ್ಡಿಯಿಲ್ಲ. ಅದರಲ್ಲಿ ವುಜೂ ಮಾತ್ರ ಆಗದು. ಕೊಳಕು ಎಂದೊಡನೆ ಹೇಸಿ ಹಿಂದೆ ಸರಿಯದೆ, ಅದು ಎಂಥದು, ಎಷ್ಟು ಎಂದು ಕೇಳುವ ಈ ಶಿಸ್ತು ದೊಡ್ಡದು.

ಕುಮಟಾ, ಹೊನ್ನಾವರದ ಹವ್ಯಕ ಮನೆಗಳ ಮಡಿಯಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಹರಿಯುವ ಹೊಳೆಯ ಸ್ನಾನ ಮೇಲು, ಎತ್ತಿ ತಂದ ನೀರಿನದು ಅದಕ್ಕಿಂತ ಕೆಳಗೆ. ನೀರಿಗೆ ಉಗುಳಬಾರದು, ಮಲಮೂತ್ರ ಸೇರಿಸಬಾರದು ಎಂದು ಮನುಸ್ಮೃತಿಯೂ ವಿಧಿಸುತ್ತದೆ. ಹಳೆಯ ಮನೆಯಲ್ಲಿ ಹಂಡೆಯಿಂದ ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡ ನೀರು ಬಚ್ಚಲ ತೂತಿನಿಂದ ಹೊರಬಿದ್ದು ಕೆಸುವಿಗೆ, ಬಾಳೆಗೆ, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ತಲೆಗೆ ಹಾಕಿದ್ದು ದಾಸವಾಳದ ಗೊಂಪು ಅಥವಾ ಸೀಗೆ. ಗಿಡಕ್ಕೆ ಅದರಿಂದ ಕೇಡಿಲ್ಲ. ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತಿತ್ತು, ಕಡ್ಡಿ ಹಾಕಿ ಬಿಡಿಸಿದರೆ ಮುಗಿಯಿತು. ನೀರಿನ ಕೊನೆ ಎಲ್ಲಿ ಎಂಬುದು ಮನೆಯ ಮಗುವಿಗೂ ಗೊತ್ತಿತ್ತು. ಗೋಡೆಯೊಳಗೆ ಪೈಪು ಹೋದ ಮೇಲೆ ಆ ತಿಳಿವಳಿಕೆ ಹೋಯಿತು.

ನೀರಿನ ಕೊನೆಯನ್ನೇ ವ್ರತದೊಳಗೆ ತಂದವರು ಜೈನರು. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳ ತಾಲೂಕಿನ ಹಾಡುವಳ್ಳಿಯ ಬಸದಿಗಳು ಈ ನೆಲದಲ್ಲಿ ಆ ಧರ್ಮ ಎಷ್ಟು ಬೇರೂರಿತ್ತು ಎಂಬುದಕ್ಕೆ ಸಾಕ್ಷಿ. ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ: ದೇಹದ ಮಲವನ್ನು ಜೀವಿಗಳಿಲ್ಲದ ಜಾಗ ನೋಡಿ, ಎಚ್ಚರದಿಂದ ವಿಸರ್ಜಿಸುವುದು. ಮಾತಾಡುವುದಕ್ಕೆ, ನಡೆಯುವುದಕ್ಕೆ ಎಷ್ಟು ಎಚ್ಚರ ಬೇಕೋ ಬಿಡುವುದಕ್ಕೂ ಅಷ್ಟೇ ಬೇಕು. ಬಿಟ್ಟದ್ದು ಬಿಟ್ಟವನ ಹೊಣೆಯಿಂದ ಕಳಚಿಕೊಳ್ಳುವುದಿಲ್ಲ. ಶೌಚದ ಮೊದಲರ್ಧ ನೀರು ಮೈಗೆ ತಾಗುವವರೆಗೆ. ಉಳಿದರ್ಧ ಮೈಬಿಟ್ಟ ಮೇಲೆ.

ಈಗ ಆ ಲೋಳೆಯನ್ನೇ ಹತ್ತಿರದಿಂದ ನೋಡಬೇಕು. ಜಾಲಿ ಎತ್ತಿ ತಂತಿಯ ಕೊಕ್ಕೆ ಇಳಿಸಿ ಎಳೆದರೆ ಬೆರಳು ದಪ್ಪದ ಕಪ್ಪು ಹುರಿಯೊಂದು ವಾಸನೆಯೊಡನೆ ಮೇಲೆ ಬರುತ್ತದೆ. ಬಿಡಿಸಿದರೆ ಅದರೊಳಗೆ ಮನೆಯವರ ಕೂದಲು: ಅಜ್ಜಿಯ ನರೆ, ಮಗಳ ಉದ್ದನೆಯ ಎಳೆ. ಆಯುರ್ವೇದ ಕೂದಲನ್ನು ಅಸ್ಥಿಧಾತುವಿನ ಮಲ ಎನ್ನುತ್ತದೆ. ಶಾಫಿ ಪಂಥದ ಪ್ರಬಲ ಅಭಿಪ್ರಾಯದಲ್ಲಿ ಮೈಯಿಂದ ಬೇರೆಯಾದ ಮನುಷ್ಯನ ಕೂದಲೂ ಶುದ್ಧವೇ. ಹೇಗೆ ನೋಡಿದರೂ ಅದು ಹೊರಗಿನಿಂದ ಬಂದ ಕೊಳಕಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ನಿಯಮಗಳ ಸಾಲಿನಲ್ಲಿ ಮೊದಲು ಬರುವುದು ಶೌಚ, ಮತ್ತು ಶೌಚದ ಫಲವಾಗಿ ಹುಟ್ಟುವುದು ತನ್ನ ದೇಹದ ಬಗೆಗೇ ಜುಗುಪ್ಸೆ. ಎಷ್ಟು ತೊಳೆದರೂ ಮೈ ಮತ್ತೆ ಮಲವನ್ನೇ ಹುಟ್ಟಿಸುತ್ತದೆ ಎಂದು ಕಂಡುಕೊಂಡವನಿಗೆ ದೇಹಾಭಿಮಾನ ಸಡಿಲವಾಗುತ್ತದೆ. ಹೇಸಿಗೆ ಅಲ್ಲಿ ಒಳಗೆ ನೋಡಲು ಒದಗುವ ಸಾಧನ.

ಸಮಾಜ ಮಾಡಿದ್ದು ಇದರ ತಿರುವುಮುರುವು. ತನ್ನ ಮಲದ ಮೇಲಿನ ಹೇಸಿಗೆಯನ್ನು ಅದನ್ನು ತೆಗೆಯುವವನ ಮೇಲೆ ಹೊರಿಸಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು, 2013ರಲ್ಲಿ ಕೇಂದ್ರದ ಕಾಯ್ದೆ ಬಂತು. ಬೇಸಿನ್ ಪೈಪು ಆ ಕಾಯ್ದೆಯ ವಿಷಯವಲ್ಲ, ನಿಜ. ಆದರೆ ಪೈಪು ಬಿಡಿಸಿಕೊಟ್ಟವನಿಗೆ ಕೈ ತೊಳೆಯಲು ಅದೇ ಬೇಸಿನ್ ತೋರಿಸದೆ ಅಂಗಳದ ನಲ್ಲಿ ತೋರಿಸುವ ಮನೆಗಳು ಇಂದಿಗೂ ಇವೆ. ಅಲ್ಲಿ ಮಡಿ ಎಂಬುದು ಧರ್ಮವಾಗಿ ಉಳಿದಿಲ್ಲ.

ಪೈಪಿನ ರಚನೆಯಲ್ಲೂ ಯೋಚಿಸಬೇಕಾದ್ದೊಂದಿದೆ. ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪಿನಲ್ಲಿ ಬಳಸಿದ ನೀರು ಸ್ವಲ್ಪ ಯಾವಾಗಲೂ ನಿಂತಿರುತ್ತದೆ. ಮೋರಿಯ ದುರ್ಗಂಧ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಪೇಟೆಂಟ್ ಪಡೆದ ಬಾಗು ಕೊಳವೆಯ ತತ್ತ್ವ ಇದು. ಕೊಳಕನ್ನು ಪೂರ್ತಿ ಹೊರಗಟ್ಟಿದ ಮನೆ ಶುಚಿಯಾಗಿರಲಾರದು. ಅಳತೆಯಲ್ಲಿ ಇಟ್ಟುಕೊಂಡು, ಆಗಾಗ ತೆರೆದು ನೋಡುವ ಮನೆಯೇ ಶುಚಿ.

ತೆರೆಯುವುದು ಕಷ್ಟವಲ್ಲ. ಕೆಳಗೊಂದು ಬಕೆಟ್ ಇಟ್ಟು ಟ್ರ್ಯಾಪಿನ ಬುಡವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ವಾಶರ್ ಸರಿಯಾಗಿ ಕೂರಿಸಿ ಮತ್ತೆ ಹಾಕಿದರೆ ಆಯಿತು. ಜಾಲಿಯ ಕೂದಲನ್ನು ವಾರಕ್ಕೊಮ್ಮೆ ತೆಗೆದು, ಬಿಸಿನೀರು ಹೊಯ್ದರೆ ಬಿಚ್ಚುವ ಪ್ರಸಂಗ ಅಪರೂಪಕ್ಕೆ ಬರುತ್ತದೆ. ನೀರು ಕುದಿಯುತ್ತಿರಬಾರದು, ಪಿವಿಸಿ ಪೈಪು ಸೊಟ್ಟಗಾಗುತ್ತದೆ. ಕೂದಲನ್ನು ಮತ್ತೆ ತೂತಿಗೆ ತಳ್ಳದೆ ಮಣ್ಣಿನಲ್ಲಿ ಹೂಳಬೇಕು. ಕಾಸ್ಟಿಕ್ ಸೋಡಾದ ಪುಡಿ ಸುರಿಯುವುದು ಸುಲಭ, ಆದರೆ ಆ ದ್ರಾವಣಕ್ಕೂ ಒಂದು ಕೊನೆಯಿದೆ. ಈ ಊರುಗಳಲ್ಲಿ ಬಹಳಷ್ಟು ಮನೆಗಳ ನೀರು ಸೇರುವುದು ಇಂಗುಗುಂಡಿಗೆ. ನೆಲ ತೂತುತೂತಾದ ಕೆಂಪುಕಲ್ಲಿನದು, ಮಳೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು, ಬಾವಿ ಅಂಗಳದಲ್ಲೇ.

ಬಾವಿಗೆ ಇಳಿಯದ ನೀರು ಹೊಳೆಗೆ ಸೇರುತ್ತದೆ: ಭಟ್ಕಳದಲ್ಲಿ ಶರಾಬಿ, ಹೊನ್ನಾವರದಲ್ಲಿ ಶರಾವತಿ, ಕುಮಟೆಯಲ್ಲಿ ಅಘನಾಶಿನಿ. ಅಘನಾಶಿನಿ ಎಂದರೆ ಪಾಪವನ್ನು ನಾಶ ಮಾಡುವವಳು. ಅದರ ಅಳಿವೆ 2024ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಜನ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಬಳಚು ಬದುಕುವುದು ನೀರನ್ನು ಮೈಯೊಳಗೆ ಸೋಸಿಕೊಂಡು. ನೀರಿನಲ್ಲಿ ಇಳಿದು ಬಂದ ಕೊಳೆಯೂ ಅದರೊಡನೆ ಊಟದ ತಟ್ಟೆಗೆ ಬರುತ್ತದೆ.